ಹಬ್ಬದ ಘಳಿಗೆ, ಹಾಜರಿಯ ದಿನ: ಕೊಡಗಿನ ಸ್ಥಳೀಯ ರಜೆಗಳ ಕಾಲಮಾನ ಕುರಿತು ಒಂದು ಮರುವಿಚಾರ

ತಲಕಾವೇರಿಯ ತೀರ್ಥೋದ್ಭವ 2021ರಲ್ಲಿ ಅಕ್ಟೋಬರ್ 17ರ ಮಧ್ಯಾಹ್ನ 1.11ಕ್ಕೆ ಆಯಿತು. 2022ರಲ್ಲಿ ಅದೇ ತಾರೀಖಿನ ಸಂಜೆ 7.21ಕ್ಕೆ. 2023ರಲ್ಲಿ ತಾರೀಖು ದಾಟಿ 18ರ ನಡುರಾತ್ರಿ 1.27ಕ್ಕೆ. 2024ರಲ್ಲಿ ಮತ್ತೆ 17ಕ್ಕೇ, ಬೆಳಗ್ಗೆ 7.40ಕ್ಕೆ. 2025ರಲ್ಲಿ 17ರ ಮಧ್ಯಾಹ್ನ 1.44ಕ್ಕೆ. ಇವು ಗುಟ್ಟಿನ ಸಂಗತಿಗಳಲ್ಲ. ಪ್ರತಿವರ್ಷ ಮುಂಚಿತವಾಗಿ ಪ್ರಕಟವಾಗಿ, ಪತ್ರಿಕೆಗಳಲ್ಲಿ ಅಚ್ಚಾಗಿ, ಜಿಲ್ಲೆಯ ಮನೆಮನೆಗೂ ಗೊತ್ತಾಗುವ ಸಮಯಗಳು. ಆದರೂ ಕೆಲಸದ ಸ್ಥಳಗಳ ರಜೆಯ ಚರ್ಚೆಗೆ ಇವನ್ನು ಸಾಕ್ಷ್ಯವಾಗಿ ತಂದವರು ನನ್ನ ಓದಿನಲ್ಲಿ ಸಿಕ್ಕಿಲ್ಲ. ಹಾಗೆ ತಂದರೆ ಕಾರ್ಮಿಕ ಇತಿಹಾಸದ ಒಂದು ಪ್ರಸಿದ್ಧ ಗ್ರಹಿಕೆಯನ್ನು ಕೊಡಗಿನ ಮಟ್ಟಿಗಾದರೂ ತಿದ್ದಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯಲ್ಲಿ ತಕರಾರಿಲ್ಲ. ರಾಜ್ಯ ಸರ್ಕಾರದ ವಾರ್ಷಿಕ ರಜೆ ಅಧಿಸೂಚನೆಯಲ್ಲಿ ಸಾರ್ವತ್ರಿಕ ರಜೆ, ಪರಿಮಿತ ರಜೆಗಳ ಜೊತೆಗೆ ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಮೂರು ಸ್ಥಳೀಯ ರಜೆಗಳಿರುತ್ತವೆ: ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ, ತೀರ್ಥೋದ್ಭವದ ದಿನವಾದ, ಚಂಗ್ರಾಂದಿ ಎಂದೂ ಕರೆಯುವ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ, ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಸರಿದಾಡುವ ಹುತ್ತರಿ. ಸರ್ಕಾರಿ ಕಚೇರಿ, ಶಾಲೆಗಳಿಗೆ ಇದು ಸಾಕು. ಖಾಸಗಿ ತೋಟಕ್ಕೋ ಕಾರ್ಖಾನೆಗೋ ಈ ಪಟ್ಟಿ ತಾನಾಗಿ ಅನ್ವಯಿಸುವುದಿಲ್ಲ. ಅಲ್ಲಿನ ಹಬ್ಬದ ರಜೆಗಳನ್ನು ಗೊತ್ತುಮಾಡುವುದು 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಅದರಂತೆ ರಾಷ್ಟ್ರೀಯ ದಿನಗಳ ಜೊತೆಗೆ ಐದು ಹಬ್ಬಗಳನ್ನು ಮಾಲೀಕರೂ ಕೆಲಸಗಾರರೂ ಕೂತು ಆರಿಸಿಕೊಳ್ಳಬೇಕು. ಆರಿಸಿದ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ, ಇಲ್ಲವೇ ಬದಲಿ ರಜೆ. ಐದರೊಳಗೆ ದೀಪಾವಳಿ, ಯುಗಾದಿ, ರಂಜಾನ್, ಕ್ರಿಸ್‌ಮಸ್ ಎಲ್ಲ ಹಿಡಿಸಬೇಕಾದಾಗ ಕೊಡಗಿನ ಮೂರಕ್ಕೂ ಜಾಗ ಸಿಗುವುದು ಕಷ್ಟ. ಉಳಿದದ್ದನ್ನು ಕೆಲಸಗಾರ ತನ್ನ ಗಳಿಕೆ ರಜೆಯಿಂದಲೇ ಕಳೆದುಕೊಳ್ಳಬೇಕು. ಜಿಲ್ಲೆಯ ಗಡಿಯಾಚೆ, ಹುಣಸೂರಿನ ಕ್ಯೂರಿಂಗ್ ಘಟಕದಲ್ಲೋ ಬೆಂಗಳೂರಿನ ಕಚೇರಿಯಲ್ಲೋ ದುಡಿಯುವ ಕೊಡಗಿನವರಿಗೆ ಮೂರಕ್ಕೆ ಮೂರೂ ಸ್ವಂತ ರಜೆಯೇ.

ಭಾರತದ ಕೆಲಸಗಾರರ ಗೈರುಹಾಜರಿಯ ಬಗ್ಗೆ ಬರೆದವರಲ್ಲಿ 1931ರ ವಿಟ್ಲೆ ಆಯೋಗದ ವರದಿಗೆ ಮೊದಲ ಸ್ಥಾನ. ಕಾರ್ಖಾನೆಯ ಕೆಲಸಗಾರನ ಬೇರು ಊರಲ್ಲೇ ಇದೆ, ಆ ನಂಟನ್ನು ಕಡಿಯುವ ಬದಲು ಕ್ರಮಕ್ಕೆ ತರಬೇಕು, ನಿಗದಿತ ರಜೆ ಕೊಟ್ಟು, ಮರಳಿ ಬಂದಾಗ ಕೆಲಸ ಇರುತ್ತದೆಂಬ ಭರವಸೆ ಕೊಡಬೇಕು ಎಂದು ಅದು ಹೇಳಿತು. 1965ರಲ್ಲಿ ಮಾರಿಸ್ ಡಿ. ಮಾರಿಸ್ ಮುಂಬಯಿಯ ಹತ್ತಿ ಗಿರಣಿಗಳನ್ನು ಪರಿಶೀಲಿಸಿ, ದೋಷವನ್ನು ಊರಿನ ನಂಟಿಗೆ ಹೊರಿಸುವುದು ಸರಿಯಲ್ಲ, ಗಿರಣಿಗಳ ನೇಮಕಾತಿ ಮತ್ತು ಶಿಸ್ತಿನ ಪದ್ಧತಿಯನ್ನೇ ನೋಡಬೇಕು ಎಂದರು. ದೀಪೇಶ್ ಚಕ್ರವರ್ತಿಯವರು 1890ರ ದಶಕದ ಬಂಗಾಳದ ಸೆಣಬಿನ ಗಿರಣಿಗಳಲ್ಲಿ ಬಕ್ರೀದ್, ರಥಯಾತ್ರೆಯ ರಜೆಗಾಗಿ ನಡೆದ ಘರ್ಷಣೆಗಳನ್ನು ಮುಂದಿಟ್ಟರು. ಹಬ್ಬದ ರಜೆ ಸಣ್ಣ ವಿಷಯವಲ್ಲ ಎಂಬುದರಲ್ಲಿ ಇವರೆಲ್ಲ ಒಂದೇ ಕಡೆ ಇದ್ದಾರೆ. ಅದನ್ನು ಮತ್ತೆ ಸಾಧಿಸಲು ಹೊರಡುವುದಿಲ್ಲ.

ನನ್ನ ತಕರಾರು ಇರುವುದು ಇ. ಪಿ. ಥಾಮ್ಸನ್ ಅವರ 1967ರ ಪ್ರಬಂಧ ನಮ್ಮಲ್ಲಿ ಓದಿಸಿಕೊಂಡ ರೀತಿಯ ಮೇಲೆ, ಸ್ವಲ್ಪ ಮಟ್ಟಿಗೆ ಆ ಪ್ರಬಂಧದ ಮೇಲೂ. ರೈತಾಪಿ ಸಮಾಜ ಹೊತ್ತನ್ನು ಕೆಲಸದಿಂದ ಅಳೆಯುತ್ತದೆ, ಕಾರ್ಖಾನೆ ಕೆಲಸವನ್ನು ಗಡಿಯಾರದಿಂದ ಅಳೆಯುತ್ತದೆ ಎಂಬ ಅವರ ವಿಂಗಡಣೆ ಪ್ರಸಿದ್ಧ. ಇಂಗ್ಲೆಂಡಿನ ಕುಶಲಕರ್ಮಿಗಳು ಸೋಮವಾರವನ್ನೂ ಹಬ್ಬದಂತೆ ಕಳೆಯುತ್ತಿದ್ದ ರೂಢಿ ಅವರ ಮುಖ್ಯ ಉದಾಹರಣೆಗಳಲ್ಲಿ ಒಂದು. ಆಫ್ರಿಕಾದ ನ್ಯೂಯರ್ ಜನರ ದನಕರುಗಳ ದಿನಚರಿಯನ್ನೂ ಅವರು ನೆನೆಯುತ್ತಾರೆ. ಥಾಮ್ಸನ್ ಕೆಲಸಗಾರರ ಪರವಾಗಿ, ಅಂತಃಕರಣದಿಂದ ಬರೆದವರು. ಆದರೆ ಅವರ ವಿಂಗಡಣೆ ನಮ್ಮ ಕಡೆಗೆ ಬರುವಾಗ ಒಂದು ಪೂರ್ವಗ್ರಹವಾಗಿ ಗಟ್ಟಿಗೊಂಡಿತು: ಹಬ್ಬದ ಕಾಲ ಸಡಿಲ, ಕೆಲಸದ ಕಾಲ ಬಿಗಿ. ‘ಒಂದು ದಿನ ರಜೆ ಕೊಟ್ಟರೆ ಮೂರು ದಿನ ಬರುವುದಿಲ್ಲ’ ಎಂಬ ಮಾತು ಇದೇ ಗ್ರಹಿಕೆಯ ಮೇಲೆ ನಿಂತಿದೆ.

ಕೊಡಗಿನ ಚಂಗ್ರಾಂದಿಯಲ್ಲಿ ಇದು ತಿರುಗುಮುರುಗಾಗಿದೆ. ಹಬ್ಬ ನಿಮಿಷಕ್ಕೆ ಬದ್ಧ. ಅದನ್ನು ಒಂದು ತಾರೀಖಿಗೆ ದುಂಡಗೆ ಮಾಡಿ ಸಡಿಲಿಸುವುದು ಹಾಜರಿ ಪುಸ್ತಕ.

ಮೇಲಿನ ಐದು ಸಮಯಗಳ ಅಂತರವನ್ನು ಲೆಕ್ಕ ಹಾಕೋಣ. ಮೊದಲ ಎರಡರ ನಡುವೆ, ಪೂರ್ಣ ದಿನಗಳನ್ನು ಬಿಟ್ಟರೆ, 6 ಗಂಟೆ 10 ನಿಮಿಷ. ಆಮೇಲೆ 6 ಗಂಟೆ 6 ನಿಮಿಷ, 6 ಗಂಟೆ 13 ನಿಮಿಷ, 6 ಗಂಟೆ 4 ನಿಮಿಷ. ಸರಾಸರಿ 6 ಗಂಟೆ 8 ನಿಮಿಷ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಒಂದು ಸುತ್ತು ಮುಗಿಸಲು 365 ದಿನ, 6 ಗಂಟೆ, 9 ನಿಮಿಷ ಬೇಕು. ತೀರ್ಥೋದ್ಭವವೆಂದರೆ ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣವಾದ್ದರಿಂದ ಎರಡೂ ಇಷ್ಟು ಹತ್ತಿರ ಬಂದಿರುವುದು ಆಕಸ್ಮಿಕವಲ್ಲ. ಪರಿಣಾಮವಾಗಿ ಮುಹೂರ್ತ ವರ್ಷದಿಂದ ವರ್ಷಕ್ಕೆ ಕಾಲು ದಿನ ಮುಂದೆ ಸರಿಯುತ್ತದೆ: ಮಧ್ಯಾಹ್ನ, ಸಂಜೆ, ನಡುರಾತ್ರಿ, ಬೆಳಗ್ಗೆ, ಮತ್ತೆ ಮಧ್ಯಾಹ್ನ. ಅಧಿಕ ವರ್ಷ ಬಂದಾಗ ತಾರೀಖು ಹಿಂದಕ್ಕೆ ಜಗ್ಗಿ ಸುತ್ತು ಮೊದಲಿನ ಜಾಗಕ್ಕೆ ಬರುತ್ತದೆ. 2021ಕ್ಕೂ 2025ಕ್ಕೂ ನಡುವೆ ಉಳಿದ ವ್ಯತ್ಯಾಸ 33 ನಿಮಿಷ ಮಾತ್ರ.

ರಜೆ ಪಟ್ಟಿ ಬರೆಯುವವರಿಗೆ ಇದರಲ್ಲಿ ಏನಿದೆ? ತಲಕಾವೇರಿಯ ಕುಂಡಿಕೆಯ ಮುಂದೆ ನಿಂತವರನ್ನು ನೆನೆಸಿಕೊಂಡರೆ ತಿಳಿಯುತ್ತದೆ. ಬಿಂದಿಗೆ, ಬಾಟಲಿ, ಪ್ಲಾಸ್ಟಿಕ್ ಕ್ಯಾನು ಹಿಡಿದು ಗಂಟೆಗಟ್ಟಲೆ ಕಾದ ಜನ; ಕ್ಷಣ ಬಂದಾಗ ಅರ್ಚಕರು ಎರಚುವ ತೀರ್ಥ; ಕೊಳದ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಇಳಿಯುವ ಒದ್ದೆ ಬಟ್ಟೆಗಳು. ಆಮೇಲೆ ಭಾಗಮಂಡಲದವರೆಗೆ 8 ಕಿಲೋಮೀಟರ್, ಅಲ್ಲಿಂದ ಮಡಿಕೇರಿಗೆ ಸುಮಾರು 40. ತಂದ ತೀರ್ಥವನ್ನು ಮನೆಯಲ್ಲಿರುವ ಹಿರಿಯರ ಬಾಯಿಗೆ ಹಾಕಬೇಕು. ಮನೆಯ ಹೆಂಗಸರ ಪಾಲಿಗೆ ಕಣಿ ಪೂಜೆಯ ಅಣಿ ಬೇರೆ. ಮುಹೂರ್ತ ಮಧ್ಯಾಹ್ನವಾದ ವರ್ಷ ಇದೆಲ್ಲ ಒಂದೇ ತಾರೀಖಿನೊಳಗೆ ಮುಗಿಯಬಹುದು. ಸಂಜೆ 7.21ಕ್ಕೆ ಆದ ವರ್ಷ ಹೋದವರು ಮನೆ ಸೇರುವಾಗ ನಡುರಾತ್ರಿ. ರಜೆ 17ಕ್ಕೆ ಮಾತ್ರ ಇದ್ದ ಕಡೆ 18ರ ಬೆಳಗಿನ ಪಾಳಿಗೆ ಅವರು ಬರಲಾರರು. ಬೆಳಗ್ಗೆ 7.40ಕ್ಕೆ ಆದ ವರ್ಷ ತೊಂದರೆ ಹಿಂದಿನ ರಾತ್ರಿಗೆ ಜರುಗುತ್ತದೆ: 16ರ ರಾತ್ರಿಪಾಳಿಯವರು ಬೆಟ್ಟದ ದಾರಿ ಹಿಡಿದಿರುತ್ತಾರೆ, 18ಕ್ಕೆ ಎಲ್ಲರೂ ಹಾಜರಿರಬಹುದು. ಹೀಗೆ ಒಂದೇ ಹಬ್ಬ, ಒಂದೇ ಮನೆಯ ಅದೇ ಜನ, ನಾಲ್ಕು ವರ್ಷಗಳಲ್ಲಿ ನಾಲ್ಕು ಬಗೆಯ ಗೈರುಹಾಜರಿ. ತೋಟದ ಚೆಕ್‌ರೋಲಿನಲ್ಲಿ ದಿನಕ್ಕೊಂದು ಅಂಕಣ. ಆ ಅಂಕಣ ನಡುರಾತ್ರಿಗೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ ಎಂಬ ಕಾರಣಕ್ಕೆ, ಭಕ್ತಿಯಿಂದ ರಾತ್ರಿ ಪೂರ್ತಿ ಎದ್ದಿದ್ದವರ ಹೆಸರಿನ ಮುಂದೆ ತಪ್ಪಿತಸ್ಥರ ಗುರುತು ಬೀಳುವುದನ್ನು ನೆನೆದರೆ ನನಗೆ ನೋವಾಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು: ಈ ನಿಮಿಷದ ಲೆಕ್ಕವೇ ಆಧುನಿಕ. ಕೈಗಡಿಯಾರ, ಅಚ್ಚಾದ ಪಂಚಾಂಗ, ಪತ್ರಿಕೆ ಬಂದಮೇಲೆ ಹುಟ್ಟಿದ ಬಿಗಿಯನ್ನು ಹಳೆಯ ಹಬ್ಬಕ್ಕೆ ಹೊಲಿದು ಥಾಮ್ಸನ್ ಅವರನ್ನು ಅಲ್ಲಗಳೆಯುವುದು ನ್ಯಾಯವೇ? ಅರ್ಧ ಒಪ್ಪುತ್ತೇನೆ. 24 ನಿಮಿಷದ ಘಳಿಗೆ, 24 ಸೆಕೆಂಡಿನ ವಿಘಳಿಗೆ ನಮ್ಮ ಜ್ಯೋತಿಷದ ಹಳೆಯ ಅಳತೆಗಳು. ಲೆಕ್ಕದ ಸೂಕ್ಷ್ಮತೆ ಗಡಿಯಾರದ ಕೊಡುಗೆಯಲ್ಲ. ಆದರೆ ಜೋಯಿಸರ ಲೆಕ್ಕ ಸೂಕ್ಷ್ಮವಾಗಿತ್ತು ಎಂದಮಾತ್ರಕ್ಕೆ ಊರ ಜನರ ನಡೆಯೂ ಅಷ್ಟೇ ಸೂಕ್ಷ್ಮವಾಗಿತ್ತು ಎನ್ನಲಾಗದು. ರಸ್ತೆ, ಬಸ್ಸು ಬರುವ ಮುಂಚೆ ಜನ ಒಂದೆರಡು ದಿನ ಮೊದಲೇ ಹೊರಟು ಅಲ್ಲೇ ತಂಗಿರುವುದು ಸಹಜ. ಆದ್ದರಿಂದ ನನ್ನ ವಾದವನ್ನು ಇಂದಿನ ಕೊಡಗಿಗೆ, ಅದರಲ್ಲೂ ತೀರ್ಥಕ್ಕೆ ಹೋಗಿ ಅದೇ ಸುತ್ತಿನಲ್ಲಿ ಮರಳುವವರಿಗೆ ಸೀಮಿತಗೊಳಿಸುತ್ತೇನೆ. ಥಾಮ್ಸನ್ ಅವರ ಇಂಗ್ಲೆಂಡನ್ನು ನಾನು ಮುಟ್ಟುತ್ತಿಲ್ಲ.

ಎರಡನೆಯದು ಹೆಚ್ಚು ಗಟ್ಟಿ: ಮುಹೂರ್ತ ಯಾವಾಗಲೇ ಇರಲಿ, ಜನ ರಜೆಯನ್ನು ಹೇಗೂ ಎಳೆಯುತ್ತಾರೆ. 2025ರಲ್ಲಿ 17ನೇ ತಾರೀಖು ಶುಕ್ರವಾರ. ಶನಿವಾರವೊಂದನ್ನು ಸೇರಿಸಿದರೆ ಮೂರು ದಿನ. ಈ ಆಸೆ ಇರುವುದೇ ಇಲ್ಲವೆಂದು ನಾನು ಹೇಳಲಾರೆ. ಆದರೆ ನಾಲ್ಕು ವರ್ಷದ ಸುತ್ತು ಇಲ್ಲಿ ಒಂದು ಪರೀಕ್ಷೆಯನ್ನು ಒದಗಿಸುತ್ತದೆ. ಎಳೆಯುವ ಚಟವೇ ಕಾರಣವಾದರೆ ಗೈರುಹಾಜರಿ ಎಲ್ಲ ವರ್ಷಗಳಲ್ಲೂ ರಜೆಯ ಮರುದಿನಕ್ಕೋ ವಾರದ ಕೊನೆಗೋ ಅಂಟಿಕೊಂಡಿರಬೇಕು. ಮುಹೂರ್ತವೇ ಕಾರಣವಾದರೆ ಅದು 2022ರಲ್ಲಿ ರಜೆಯ ಮರುದಿನ, 2024ರಲ್ಲಿ ರಜೆಯ ಹಿಂದಿನ ರಾತ್ರಿ ಕಾಣಿಸಿಕೊಂಡು, 2025ರ ಶನಿವಾರದಂದು ತೀರ ಕಡಿಮೆಯಾಗಿರಬೇಕು. 2021ರ 17ನೇ ತಾರೀಖು ಭಾನುವಾರ. ಆ ವರ್ಷವನ್ನು ಪರೀಕ್ಷೆಯಿಂದ ಹೊರಗಿಡುವುದೇ ಕ್ಷೇಮ.

ಹುತ್ತರಿ ಈ ವಾದವನ್ನು ಇನ್ನೊಂದು ದಿಕ್ಕಿನಿಂದ ಬಲಪಡಿಸುತ್ತದೆ. ಅದು ರಾತ್ರಿಯ ಹಬ್ಬ. ಸಂಜೆಯಾದ ಮೇಲೆ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಕೆಳಗೆ ಕುಟುಂಬವೆಲ್ಲ ಸೇರಿ ನೆರೆ ಕಟ್ಟುವುದು, ಗದ್ದೆಗೆ ಇಳಿದು ಗುಂಡು ಹಾರಿಸಿ ಕದಿರು ತೆಗೆಯುವುದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಮನೆಗೆ ತಂದು ತುಂಬಿಸಿಕೊಳ್ಳುವುದು, ತಂಬುಟ್ಟಿನ ಜೊತೆ ಊಟ. ಒಂದೊಂದಕ್ಕೂ ಗಂಟೆ, ನಿಮಿಷ ಗೊತ್ತಾಗಿರುತ್ತದೆ. ಹಗಲಿನ ರಜೆ ಅಣಿಮಾಡಲು ಬೇಕು, ಮರುದಿನದ ಬೆಳಗು ದಣಿವಾರಿಸಲು. ಮುಂದಿನ ದಿನಗಳಲ್ಲಿ ಮಂದ್‌ಗಳಲ್ಲಿ ಕೋಲಾಟ. ಅರೇಬಿಕಾ ಹಣ್ಣು ಕೊಯ್ಯುವ ಕಾಲವೂ ಸರಿಯಾಗಿ ಇದೇ. ಹಣ್ಣಾದ ಕಾಫಿ ಗಿಡದಲ್ಲಿ ಕಾಯುವುದಿಲ್ಲ, ಅಕಾಲದ ಮಳೆ ಬಂದರೆ ಉದುರಿ ಮಣ್ಣು ಪಾಲು. ತೋಟದ ರೈಟರ ಆತಂಕ ಸುಳ್ಳಲ್ಲ. ಅವರನ್ನು ಹಳಿಯುವುದು ನನ್ನ ಉದ್ದೇಶವೂ ಅಲ್ಲ. ಲೈನ್ ಮನೆಗಳಲ್ಲಿರುವ ಎಲ್ಲರಿಗೂ ಹುತ್ತರಿ ಒಂದೇ ತೂಕದ್ದಲ್ಲ ಎಂಬುದು ಅವರಿಗಿರುವ ಅನುಕೂಲ. ತಮಿಳುನಾಡಿನಿಂದ, ಅಸ್ಸಾಮಿನಿಂದ ಬಂದವರು ಆ ಬೆಳಗನ್ನು ನಡೆಸಿಕೊಟ್ಟು, ತಮ್ಮ ಪೊಂಗಲ್ಲಿಗೋ ಬಿಹುವಿಗೋ ಆ ದಿನವನ್ನು ಮರಳಿ ಪಡೆಯಬಹುದು.

ರಜೆಯನ್ನು ತಾರೀಖಿನ ಬದಲು ಮುಹೂರ್ತಕ್ಕೆ ಹೊಂದಿಸಲು ಕಾನೂನು ಅಡ್ಡಿಯೇ? 1948ರ ಕಾರ್ಖಾನೆ ಕಾಯ್ದೆ ದಿನವೆಂದರೆ ನಡುರಾತ್ರಿಯಿಂದ ಶುರುವಾಗುವ 24 ಗಂಟೆ ಎಂದಿತು. ಅಲ್ಲಿಗೇ ನಿಂತಿದ್ದರೆ ನನ್ನ ವಾದ ಬರೀ ಆಶಯವಾಗುತ್ತಿತ್ತು. ಆದರೆ ಅದೇ ಕಾಯ್ದೆಯ 57ನೇ ಕಲಂ, ಪಾಳಿ ನಡುರಾತ್ರಿ ದಾಟುವ ಕೆಲಸಗಾರನಿಗೆ ವಾರದ ರಜೆಯೆಂದರೆ ಅವನ ಪಾಳಿ ಮುಗಿದ ಗಳಿಗೆಯಿಂದ ಎಣಿಸುವ 24 ಗಂಟೆ ಎಂದು ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಂಹಿತೆಯಲ್ಲೂ ಈ ತತ್ವ ಉಳಿದಿದೆ. ಅಂದರೆ ನಡುರಾತ್ರಿಗೆ ಕಟ್ಟುಬೀಳದ ‘ಇಡೀ ದಿನ’ ನಮ್ಮ ಕಾನೂನಿಗೆ ಹೊಸದಲ್ಲ. ಹಳೆಯ ಕಾಯ್ದೆಯ 79ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ನಿಲ್ಲದಂತೆ ರಜೆಯನ್ನು ಹಂಚುವ ಯೋಜನೆಯೊಂದನ್ನು ಕೆಲಸಗಾರರ ಒಪ್ಪಿಗೆಯಿಂದ ಬರೆದು ಸಲ್ಲಿಸಲು ಅವಕಾಶ ಕೊಟ್ಟಿತ್ತು. ಗಳಿಕೆ ರಜೆಯ ನಡುವೆಯೋ ಅಂಚಿನಲ್ಲೋ ಬರುವ ಹಬ್ಬದ ದಿನವನ್ನು ಆ ರಜೆಯೊಳಗೆ ಎಣಿಸಬಾರದೆಂದೂ ಹೇಳಿತ್ತು. 57ನೇ ಕಲಂ ಇದ್ದುದು ವಾರದ ರಜೆಗೆ ಮತ್ತು ಬದಲಿ ರಜೆಗೆ, ಹಬ್ಬದ ರಜೆಗಲ್ಲ ಎಂಬುದನ್ನು ಮರೆಯಬಾರದು. ಅದನ್ನು ಹಬ್ಬಕ್ಕೆ ಹಾಗೆಯೇ ಹಚ್ಚಬಹುದೆಂದು ನಾನು ಹೇಳುತ್ತಿಲ್ಲ. ಒಪ್ಪಂದದಿಂದ ಅಂಥ ಯೋಜನೆ ಮಾಡಿಕೊಳ್ಳಲು ಅದು ಒಂದು ಮೇಲ್ಪಂಕ್ತಿ ಎಂಬಷ್ಟೇ ನನ್ನ ಮಾತು.

ಪರೀಕ್ಷೆಗೆ ಬೇಕಾದ 2022ರಿಂದ 2025ರವರೆಗಿನ ಚೆಕ್‌ರೋಲುಗಳನ್ನು ಪಾಳಿವಾರು ಹೋಲಿಸುವ ಕೆಲಸ ಇನ್ನೂ ಆಗಬೇಕಾಗಿದೆ. ಅದು ಆಗುವವರೆಗೆ ಇಲ್ಲಿ ಹೇಳಿದ್ದು ಊಹೆಯೇ, ಆಧಾರವಿರುವ ಊಹೆ. ಚಂಗ್ರಾಂದಿಯ ಗಳಿಗೆಯನ್ನು ನಾಲ್ಕು ವರ್ಷ ಮುಂಚೆ ಹೇಳಬಹುದು: 2026ರಲ್ಲಿ ಅದು ಮತ್ತೆ 17ರ ಸಂಜೆಗೆ, ಏಳೂವರೆ ಎಂಟರ ನಡುವೆ ಬೀಳಬೇಕು. ಹುತ್ತರಿಗೆ ಈ ಸೌಲಭ್ಯವಿಲ್ಲ. ಅದರ ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ, ಹಬ್ಬಕ್ಕೆ ಕೆಲವೇ ವಾರಗಳಿರುವಾಗ. ಸರ್ಕಾರದ ರಜೆ ಪಟ್ಟಿಯಾದರೋ ಹಿಂದಿನ ವರ್ಷವೇ ಹೊರಬಿದ್ದಿರುತ್ತದೆ. ಹುತ್ತರಿಗೆ ನೋಡುವ ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ಒಂದೇ ರಾತ್ರಿ ಕೂಡದ ವರ್ಷ ಎರಡರಲ್ಲಿ ಯಾವುದಕ್ಕೆ ಮನ್ನಣೆ ಸಿಗುತ್ತದೆ, ಅದನ್ನು ತೋಟದ ಪಟ್ಟಿ ಮೊದಲೇ ತಿಳಿಯುವ ದಾರಿ ಇದೆಯೇ ಎಂಬುದಕ್ಕೆ ಉತ್ತರ ಹೇಳಬೇಕಾದವರು ಆ ಮುಹೂರ್ತವಿಡುವ ಅಮ್ಮಂಗೇರಿ ಜೋಯಿಸರು.