ಆತಕೂರಿನ ಕಲ್ಲಿನ ಮುಂದೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ನಾಡಿನ ಶಾಸನಗಳನ್ನು ಕುರಿತ ಸಾರ್ವಜನಿಕ ಉಪನ್ಯಾಸವೊಂದನ್ನು ಕೇಳಲು ಹೋಗಿದ್ದೆ. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ ಆರಂಭವಾದ ಸಂಸ್ಥೆ ಅದು. ಅದರ ಕೆಂಪು ಕಟ್ಟಡದ ಮುಂದೆ ಎಷ್ಟೋ ಸಲ ಹಾದುಹೋಗಿದ್ದರೂ ನಾನು ಒಳಗೆ ಕಾಲಿಟ್ಟದ್ದು ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಮಾತ್ರ. ಸಭಿಕರು ಮೂವತ್ತು ಮಂದಿಯೂ ಇರಲಿಲ್ಲ. ನಿವೃತ್ತ ಅಧ್ಯಾಪಕರು, ಬೆರಳೆಣಿಕೆಯ ವಿದ್ಯಾರ್ಥಿಗಳು, ಮಳೆಗೆಂದು ಒಳಬಂದು ಹಾಗೆಯೇ ಕುಳಿತುಬಿಟ್ಟ ಒಂದು ಸಂಸಾರ. ಮಾತು ಮುಗಿದ ಮೇಲೆ ಉಪನ್ಯಾಸಕರು ನಮ್ಮೆಲ್ಲರನ್ನು ಆತಕೂರು ಶಾಸನದ ಬಳಿಗೆ ಕರೆದೊಯ್ದರು.

ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲು ಅದು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿ ಅದರಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ ಇವರ ಹೆಸರುಗಳೂ ಇವೆ. ಚರಿತ್ರೆ ಬರೆಯುವವರಿಗೆ ಮುಖ್ಯವಾದದ್ದು ಇದೇ. ಆದರೆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ! ಪರಾಕ್ರಮ ಮೆರೆದ ಮಣಲೆರನಿಗೆ ಬೇಕಾದ ವರವನ್ನು ಕೇಳೆಂದು ಒಡೆಯನು ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ ಭೂಮಿಯನ್ನು ಬಿಟ್ಟರು. ಹೋರಾಡುತ್ತಿರುವ ನಾಯಿ, ಹಂದಿಗಳನ್ನು ಕಲ್ಲಿನ ಮೇಲೆ ಇಂದಿಗೂ ಕಾಣಬಹುದು.

ಉಪನ್ಯಾಸಕರು ಇನ್ನೊಂದು ಮಾತನ್ನೂ ಓದಿ ಅರ್ಥ ಹೇಳಿದರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಅಲ್ಲಿಯ ಶೈವ ಅರ್ಚಕನು, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಯಂತೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗುರುದೀಕ್ಷೆ ಪಡೆದ ಕೆಲವೇ ವರ್ಷಗಳಲ್ಲಿ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಅಂಗಳದಲ್ಲಿ ನಾಲ್ಕು ಸಮಾಧಿಕಲ್ಲುಗಳಿದ್ದವು. ಎರಡರ ಮೇಲೆ ಫ್ರೆಂಚ್ ಅಕ್ಷರ, ಒಂದರ ಮೇಲೆ ತಮಿಳು, ಇನ್ನೊಂದರ ಮೇಲೆ ಸವೆದ ಕನ್ನಡ. ಏನು ಮಾಡಲೆಂದು ಮೇಸ್ತ್ರಿ ಕೇಳಿದಾಗ, ‘ಅಡಿಪಾಯಕ್ಕೆ ಹಾಕಿ, ಗಟ್ಟಿಯಾಗಿರುತ್ತದೆ’ ಎಂದುಬಿಟ್ಟೆ. ಒಂದು ಕಾಗದದ ಮೇಲೆ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಬುದ್ಧಿಯೂ ನನಗೆ ಬರಲಿಲ್ಲ. ಶಂಕುಸ್ಥಾಪನೆಯ ದಿನ ಪ್ರಬೋಧನೆಗೆ ನಾನು ಆರಿಸಿಕೊಂಡಿದ್ದ ವಿಷಯವಾದರೂ ಯಾವುದು? ಯೆಹೋಶುವನು ಮುಂದಿನ ಪೀಳಿಗೆಯ ನೆನಪಿಗಾಗಿ ಜೋರ್ಡನ್ ನದಿಯಿಂದ ಎತ್ತಿಸಿ ನಿಲ್ಲಿಸಿದ ಹನ್ನೆರಡು ಕಲ್ಲುಗಳು! ವಾರ ಕಳೆದ ಮೇಲೆ ವೃದ್ಧೆಯೊಬ್ಬರು ಬಂದು, ‘ಸ್ವಾಮಿ, ನಮ್ಮ ಅಜ್ಜನ ಕಲ್ಲು ಎಲ್ಲಿ?’ ಎಂದು ಕೇಳಿದರು. ಹೊಸ ದೇವಾಲಯವೇ ಅವರ ಸ್ಮಾರಕ ಎಂದೆ. ಆಕೆ ಮರುಮಾತಾಡದೆ ಹೋದರು.

ನಮ್ಮ ಹಿರಿಯರು ಹೀಗಿರಲಿಲ್ಲ. ನಾಡಿನ ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಮಾಡಿಸಿದ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. 1909ರಲ್ಲಿ ಎಫ್. ಜೆ. ರಿಚರ್ಡ್ಸ್ ಮೊದಲಾದವರು ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯನ್ನು ಸ್ಥಾಪಿಸಿದಾಗ, ಆರಂಭದ ವರ್ಷಗಳಲ್ಲಿ ಅದರ ಅಧ್ಯಕ್ಷ ಪೀಠದಲ್ಲಿದ್ದವರು ಪ್ಯಾರಿಸ್ ಮಿಷನ್ನಿನ ನಮ್ಮ ಫಾದರ್ ತಬಾರ್. ಈ ನಾಡಿನ ಚರಿತ್ರೆಯನ್ನು ಕುರಿತು ಉಪನ್ಯಾಸಗಳನ್ನು ಏರ್ಪಡಿಸಿ ಅವನ್ನು ತ್ರೈಮಾಸಿಕದಲ್ಲಿ ಪ್ರಕಟಿಸುವ ಕಾರ್ಯದಲ್ಲಿ ಒಬ್ಬ ಕಥೋಲಿಕ ಗುರು ಮುಂದೆ ನಿಂತಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಅಂದಿನ ಉಪನ್ಯಾಸಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು ಎಂಬುದು ನಿಜ. ತನ್ನ ಹೊಲದ ಬದುವಿನಲ್ಲಿ ಕಲ್ಲನ್ನು ಕಾಪಾಡಿಕೊಂಡು ಬಂದ ರೈತನಿಗೆ ಅಲ್ಲಿ ಜಾಗವಿರಲಿಲ್ಲ. ಈಗ ಅದೇ ಮಾತನ್ನು ಕನ್ನಡದಲ್ಲಿ ಕೇಳುವ ಭಾಗ್ಯ ನಮಗಿದೆ. ರೈಸ್ ಅವರು ದಾಖಲಿಸಿದ ಕಲ್ಲುಗಳಲ್ಲಿ ಹಲವು ಬೆಂಗಳೂರು ಬೆಳೆದಂತೆ ರಸ್ತೆ, ಕಟ್ಟಡಗಳ ಅಡಿ ಸೇರಿ ಹೋದವು. ಉಳಿದವನ್ನು ಮೂರು ಆಯಾಮಗಳ ಡಿಜಿಟಲ್ ಚಿತ್ರಗಳಾಗಿ ಸೆರೆಹಿಡಿಯುವ ಕೆಲಸವನ್ನು ಮಿಥಿಕ್ ಸೊಸೈಟಿಯೇ 2021ರಲ್ಲಿ ಕೈಗೆತ್ತಿಕೊಂಡಿತು.

ಅಂದು ಹೊರಡುವ ಮುನ್ನ ಉಪನ್ಯಾಸಕರು ನನ್ನ ಉಡುಪನ್ನು ಗಮನಿಸಿ, ‘ಫಾದರ್, ನಿಮ್ಮ ಚರ್ಚುಗಳಲ್ಲಿ ಹಳೆಯ ಕಲ್ಲು, ಪುಸ್ತಕಗಳಿದ್ದರೆ ತಿಳಿಸಿ’ ಎಂದರು. ಹಳೆಯ ಪುಸ್ತಕಗಳನ್ನು ಜತನದಿಂದ ಕಾಯಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯೇ ಹೇಳುತ್ತದೆ. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆ ಬರೆದವನು ನಾನು.

ಮರುವಾರ ಆ ಹಳ್ಳಿಗೆ ಹೋದೆ. ವೃದ್ಧೆ ತೀರಿಹೋಗಿ ಬಹಳ ಕಾಲವಾಗಿತ್ತು. ಅಲ್ಲಿಯ ಗುರುಗಳು ಬೀರು ತೆರೆದು ದಫನ ಪುಸ್ತಕವನ್ನು ಕೊಟ್ಟರು. ಅಂಚುಗಳನ್ನು ಗೆದ್ದಲು ತಿಂದಿತ್ತು. 1918ರ ಅಕ್ಟೋಬರ್, ಇನ್‌ಫ್ಲುಯೆನ್ಸಾ ಬಂದ ಕಾಲ. ಒಂದೊಂದು ದಿನಕ್ಕೆ ನಾಲ್ಕೈದು ಹೆಸರುಗಳು, ಎದುರಿಗೆ ಲ್ಯಾಟಿನ್ನಿನಲ್ಲಿ ಜ್ವರ ಎಂಬ ಒಂದೇ ಪದ. ಆ ಸಾಲುಗಳ ನಡುವೆ ಅಜ್ಜ ಸಿಕ್ಕಿದರು: ಊರಿನ ಉಪದೇಶಿ, ವಯಸ್ಸು ನಲವತ್ತೆಂಟು. ಸತ್ತವರಿಗೆ ಪ್ರಾರ್ಥನೆ ಹೇಳುತ್ತ ಮನೆಮನೆಗೆ ಹೋಗಿ ಅವರಿಗೂ ಜ್ವರ ಅಂಟಿತೆಂದು ಮೊಮ್ಮಗಳು ಹೇಳುತ್ತಿದ್ದುದನ್ನು ಮನೆಯವರು ನೆನಪಿಸಿಕೊಂಡರು. ಆ ಹೆಸರನ್ನು ಧರ್ಮಕೇಂದ್ರದ ವೃತ್ತಾಂತ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಉಳಿದ ಮೂವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿಯ ಮಗ ನನ್ನನ್ನು ಹೊರಗೆ ಕರೆದೊಯ್ದು, ಉತ್ತರದ ಗೋಡೆಯ ಮೂರನೆಯ ಕಿಟಕಿಯ ಕೆಳಗೆ ಬೆರಳು ತೋರಿಸಿದ.