ಮಣ್ಣಿನ ಹದ ಮತ್ತು ಒಂದು ತಿರುಪು

ಅಮೆರಿಕದ ಅಯೋವಾ ರಾಜ್ಯದಲ್ಲಿ ನಾಕ್ಸ್‌ವಿಲ್ ಎಂಬ ಸಣ್ಣ ಊರಿದೆ. ಸುತ್ತೆಲ್ಲ ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲಗಳು. ಊರ ಜಾತ್ರೆ ನಡೆಯುವ ಮೈದಾನದಲ್ಲೇ ಅರ್ಧ ಮೈಲಿ ಸುತ್ತಳತೆಯ ಮಣ್ಣಿನ ಹಾದಿ. 1961ರಿಂದ ಪ್ರತಿ ಆಗಸ್ಟಿನಲ್ಲಿ ಇಲ್ಲಿ ನಡೆಯುವ ಸ್ಪ್ರಿಂಟ್ ಕಾರುಗಳ ಪಂದ್ಯವನ್ನು ನೋಡಲು ಊರಿನ ಜನಸಂಖ್ಯೆಯ ಎಷ್ಟೋ ಪಟ್ಟು ಜನ ಬಂದು ಸೇರುತ್ತಾರೆ. ಹಗಲು ನೀರುಣಿಸಿ ಬಿಗಿಗೊಳಿಸಿದ ಕಪ್ಪು ಮಣ್ಣು ಸಂಜೆಯ ಮೊದಲ ಸುತ್ತುಗಳಲ್ಲಿ ಟೈರಿಗೆ ಜಿಗುಟಾಗಿ ಅಂಟಿಕೊಳ್ಳುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಅದೇ ಮಣ್ಣು ಒಣಗಿ, ಉಜ್ಜಿಸಿಕೊಂಡು, ಗಾರೆ ನೆಲದಂತೆ ಹೊಳೆಯತೊಡಗುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋಗಿ ಹಿಡಿ ಮಣ್ಣು ಹಿಸುಕಿ 'ಹದ ಬಂದಿದೆ', 'ಹದ ಹೋಯಿತು' ಎನ್ನುವ ರೈತನಿಗೆ ಈ ಆಟದ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಚಾಲಕರು ಒಬ್ಬರ ಜೊತೆ ಒಬ್ಬರು ಸೆಣಸುವುದಕ್ಕಿಂತ ಹೆಚ್ಚಾಗಿ ಹದ ತಪ್ಪುತ್ತಿರುವ ಮಣ್ಣಿನ ಜೊತೆ ಸೆಣಸುತ್ತಾರೆ.

ಕಾರಾದರೂ ಎಂಥದು! ಚಾಲಕನೂ ಸೇರಿ ತೂಕ ಸುಮಾರು 640 ಕಿಲೋ. ಎಂಜಿನ್ 410 ಘನ ಅಂಗುಲ, ಅಂದರೆ 6.7 ಲೀಟರ್, ಶಕ್ತಿ ಸುಮಾರು 900 ಅಶ್ವಶಕ್ತಿ, ಇಂಧನ ಮೆಥನಾಲ್. ಚಕ್ರಗಳಿಗೆ ಮರೆಯಿಲ್ಲ, ಕ್ಲಚ್ ಇಲ್ಲ, ಗೇರ್ ಬದಲಿಸುವ ಪೆಟ್ಟಿಗೆಯಿಲ್ಲ, ಸ್ಟಾರ್ಟರ್ ಕೂಡ ಇಲ್ಲ. ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿಕೊಟ್ಟರೇನೇ ಹೊರಡುವುದು. ತಿರುವುಗಳೆಲ್ಲ ಎಡಕ್ಕೇ ಇರುವುದರಿಂದ ಬಲಗಡೆಯ ಹಿಂದಿನ ಟೈರು ಎಡಗಡೆಯದಕ್ಕಿಂತ ದೊಡ್ಡದು.

ಇಂಥ ಕಾರಿನ ನಡತೆಯನ್ನು ಚಾಲಕರು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ: ಟೈಟ್, ಇಲ್ಲವೇ ಲೂಸ್. ಮುಂದಿನ ಚಕ್ರ ತಿರುಗಿದರೂ ಕಾರು ನೇರ ಹೊರಗೋಡೆಯ ಕಡೆಗೇ ಹೋಗುತ್ತಿದ್ದರೆ ಟೈಟ್. ಬಾಲ ಹೊರಳಿ ಕಾರು ಬುಗುರಿಯಂತೆ ಸುತ್ತಲು ನೋಡಿದರೆ ಲೂಸ್. ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ ಎನ್ನುವುದೇ ಇದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಹಳೆಯ ಕಾಲದಲ್ಲಿ ಪಂದ್ಯ ಶುರುವಾಗುವ ಮುಂಚೆಯೇ ಅದನ್ನೆಲ್ಲ ಗೊತ್ತುಮಾಡಿ ಬಿಡಬೇಕಿತ್ತು. ಮೆಕ್ಯಾನಿಕ್ ಆಕಾಶ ನೋಡಿ, ಮಣ್ಣು ಮುಟ್ಟಿ, ಇಪ್ಪತ್ತೈದನೆಯ ಸುತ್ತಿಗೆ ಹಾದಿ ಹೇಗಿರಬಹುದೆಂದು ಊಹಿಸಿ ಕಾರನ್ನು ಹೊಂದಿಸುತ್ತಿದ್ದ. ಕೊನೆಯ ಸುತ್ತುಗಳಿಗೆ ಸರಿಯಾಗಿ ಹೊಂದಿಸಿದರೆ ಮೊದಲ ಸುತ್ತುಗಳಲ್ಲಿ ಚಾಲಕ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು. ಸ್ಟೀವ್ ಕಿನ್ಸರ್ ನಾಕ್ಸ್‌ವಿಲ್ ನ್ಯಾಷನಲ್ಸನ್ನು 12 ಸಲ, 1978ರಲ್ಲಿ ಶುರುವಾದ 'ವರ್ಲ್ಡ್ ಆಫ್ ಔಟ್‌ಲಾಸ್' ಸರಣಿಯ ಪಟ್ಟವನ್ನು 20 ಸಲ ಗೆದ್ದವನು. ಆ ಹೆಸರಿನ ಜೊತೆಗೇ ಬಲ್ಲವರು ಕಾರ್ಲ್ ಕಿನ್ಸರ್ ಎಂಬ ಮೆಕ್ಯಾನಿಕ್‌ನ ಹೆಸರನ್ನೂ ಹೇಳುವುದು ಇದೇ ಕಾರಣಕ್ಕೆ.

ಓಡುತ್ತಿರುವಾಗಲೇ ಕಾರಿನ ಹೊಂದಾಣಿಕೆ ಬದಲಿಸುವ ಆಸೆ ಹುಟ್ಟಿದ್ದು ಸಹಜ. ನೂರು ಮೈಲಿಯ ಮಣ್ಣಿನ ಪಂದ್ಯಗಳಲ್ಲಿ ಅದು ಬರೀ ಆಸೆಯಲ್ಲ, ಅಗತ್ಯ. ಚಾಲಕನ ಬೆನ್ನ ಹಿಂದಿನ ದೊಡ್ಡ ಟ್ಯಾಂಕ್ ಬರಿದಾಗುತ್ತ ಹೋದಂತೆ ಹಿಂಭಾಗ ಹಗುರಾಗಿ ಕಾರು ಬೇರೆಯದೇ ಆಗಿಬಿಡುತ್ತದೆ. ಅದಕ್ಕೆ ಬಂದದ್ದು ವೇಟ್ ಜಾಕರ್: ಆಸನದ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಂದು ಮೂಲೆಯ ಸ್ಪ್ರಿಂಗ್ ಒತ್ತಿಕೊಂಡು ನಾಲ್ಕು ಚಕ್ರಗಳ ನಡುವೆ ಭಾರದ ಹಂಚಿಕೆ ಬದಲಾಗುತ್ತದೆ. ರೆಕ್ಕೆ ಹೊತ್ತ ಸ್ಪ್ರಿಂಟ್ ಕಾರುಗಳಿಗೆ ಮತ್ತೊಂದು ಉಪಾಯ ಸಿಕ್ಕಿತು. 1958ರಲ್ಲಿ ಒಹಾಯೋದ ಜಿಮ್ ಕುಶ್‌ಮನ್ ತನ್ನ ಕಾರಿನ ನೆತ್ತಿಗೆ ರೆಕ್ಕೆ ಕಟ್ಟಿದ್ದ. ಮುಂದೆ ಆ ರೆಕ್ಕೆಯನ್ನೇ ಹೈಡ್ರಾಲಿಕ್ ಒತ್ತಡದಿಂದ ಹಿಂದೆ ಮುಂದೆ ಜಾರಿಸುವುದು ರೂಢಿಯಾಯಿತು. ಮಣ್ಣು ಒಣಗಿದಂತೆ ಚಾಲಕ ಅದನ್ನು ಹಿಂದಕ್ಕೆ ಸರಿಸಿ ಹಿಂದಿನ ಟೈರುಗಳನ್ನು ನೆಲಕ್ಕೆ ಒತ್ತುತ್ತಾನೆ. ಆಮೇಲೆ ಬಂದದ್ದು ಕೂತಲ್ಲಿಂದಲೇ ತಿರುಗಿಸಬಹುದಾದ ಶಾಕ್ ಅಬ್ಸಾರ್ಬರ್. ಶಾಕ್‌ನೊಳಗೆ ಎಣ್ಣೆ ಸಣ್ಣ ಕಿಂಡಿಗಳ ಮೂಲಕ ನುಸುಳುತ್ತದೆ. ಕಿಂಡಿಯನ್ನು ಕಿರಿದು ಮಾಡಿದರೆ ಚಕ್ರ ನಿಧಾನವಾಗಿ ಮೇಲೇಳುತ್ತದೆ, ಭಾರ ನಿಧಾನವಾಗಿ ಸರಿಯುತ್ತದೆ. ಒಂದು ಪುಟ್ಟ ತಿರುಪು, ಅಷ್ಟೇ.

ಜಗಳವೆಲ್ಲ ಆ ತಿರುಪಿನದು. ಅದನ್ನು ವಿರೋಧಿಸುವವರು ಮೊದಲು ಹೇಳುವುದು ಖರ್ಚಿನ ಮಾತು. ತಿರುಪಿನ ಬೆಲೆಯನ್ನಷ್ಟೇ ನೋಡಿದರೆ ಆ ಮಾತು ಹುರುಳಿಲ್ಲದ್ದು ಅನ್ನಿಸುತ್ತದೆ. ಐವತ್ತು ಸಾವಿರ ಡಾಲರ್ ಮೀರುವ ಎಂಜಿನ್ ಕಟ್ಟಿಕೊಂಡವನಿಗೆ ಅದೊಂದು ಲೆಕ್ಕವೇ? ಆದರೆ ತಿರುಪು ಒಂಟಿಯಾಗಿ ಬರುವುದಿಲ್ಲ. ಅದನ್ನು ಎಷ್ಟು ತಿರುಗಿಸಿದರೆ ಏನಾಗುತ್ತದೆಂದು ತಿಳಿಯಲು ಅಭ್ಯಾಸದ ದಿನಗಳು ಬೇಕು, ಅಭ್ಯಾಸಕ್ಕೆ ಟೈರು ಬೇಕು, ಶಾಕ್ ಬಿಚ್ಚಿ ಅಳೆಯುವ ಯಂತ್ರ ಬೇಕು, ಆ ಯಂತ್ರದ ಗೆರೆಗಳನ್ನು ಓದಬಲ್ಲ ಪರಿಣತ ಬೇಕು. ಒಬ್ಬ ಕೊಂಡರೆ ಆ ವಾರ ಅವನು ಮುಂದೆ. ಎಲ್ಲರೂ ಕೊಂಡ ಮೇಲೆ ಯಾರೂ ಮುಂದಿಲ್ಲ, ಖರ್ಚು ಮಾತ್ರ ಉಳಿಯಿತು. ಔಟ್‌ಲಾಸ್ ಸರಣಿಯಲ್ಲೇ ಸಾಮಾನ್ಯ ರಾತ್ರಿಯ ಗೆಲುವಿಗೆ ಬಹುಕಾಲ ಸಿಗುತ್ತಿದ್ದದ್ದು 10,000 ಡಾಲರ್. ಊರೂರಿನ ಪಂದ್ಯಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ವಾರವಿಡೀ ಗ್ಯಾರೇಜಿನಲ್ಲೋ ಹೊಲದಲ್ಲೋ ದುಡಿದು ಶನಿವಾರ ರಾತ್ರಿ ಕಾರು ಓಡಿಸುವವನು ಬಿಟ್ಟುಹೋಗುವುದು ಸೋತ ಬೇಸರಕ್ಕಲ್ಲ, ಅಂಗಡಿಯ ಬಾಕಿಗೆ.

ಇದು ಹೊಸ ಕಥೆಯೂ ಅಲ್ಲ. ಮಿಜೆಟ್ ಎಂಬ ಕುಳ್ಳ ಕಾರುಗಳ ಪಂದ್ಯ 1933ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಶುರುವಾದಾಗ, ಹಿತ್ತಿಲಲ್ಲಿ ಸಿಕ್ಕಿದ ಎಂಜಿನ್ ಕೂರಿಸಿಕೊಂಡು ಜನ ಬಂದಿದ್ದರು. ಕೆಲವೇ ವರ್ಷಗಳಲ್ಲಿ ಫ್ರೆಡ್ ಆಫನ್‌ಹೌಸರ್‌ನ ಕಾರ್ಖಾನೆಯಿಂದ ಮಿಜೆಟ್‌ಗೆಂದೇ ಕಡೆದ ಎಂಜಿನ್ ಬಂತು. ಅದರ ಮುಂದೆ ಉಳಿದವು ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ 'ಆಫಿ' ಇರುವವರಿಗೊಂದು, ಫೋರ್ಡ್ ವಿ8-60ಯಂಥ ಅಗ್ಗದ ಎಂಜಿನ್ ಇರುವವರಿಗೊಂದು ಎಂದು ಪಂದ್ಯಗಳನ್ನೇ ಬೇರೆ ಮಾಡಬೇಕಾಯಿತು. ಒಂದೇ ಮಣ್ಣಿನಲ್ಲಿ ಎರಡು ಪಂಕ್ತಿ!

ಡಾಂಬರು ಹಾದಿಯ ಫಾರ್ಮುಲಾ ಒನ್ ಕೂಡ ಇದನ್ನು ಕಂಡಿದೆ. 1992ರಲ್ಲಿ ವಿಲಿಯಮ್ಸ್ ತಂಡ ಕಂಪ್ಯೂಟರ್ ನಡೆಸುವ ಸಸ್ಪೆನ್ಷನ್‌ನಿಂದ ಎದುರಾಳಿಗಳನ್ನು ಧೂಳೀಪಟ ಮಾಡಿತು. 1994ರ ಹೊತ್ತಿಗೆ ಅದು ನಿಷಿದ್ಧ. ಆದರೆ ಈ ಹೋಲಿಕೆಯನ್ನು ಬಹಳ ಎಳೆಯಬಾರದು. ಅಲ್ಲಿ ಕಂಪ್ಯೂಟರ್ ಚಾಲಕನ ಬದಲು ಯೋಚಿಸುತ್ತಿತ್ತು. ಇಲ್ಲಿ ಕಾರು ಅಡ್ಡಡ್ಡ ಜಾರುತ್ತಿರುವಾಗ ತನ್ನ ಬೆನ್ನುಮೂಳೆಗೆ ತಿಳಿದದ್ದನ್ನು ನಂಬಿ ಚಾಲಕನೇ ಕೈ ಚಾಚಬೇಕು. ಅದೂ ಒಂದು ವಿದ್ಯೆಯೇ ಎಂದು ವಾದಿಸುವವರನ್ನು ನಾನಂತೂ ತಳ್ಳಿಹಾಕಲಾರೆ.

ಹಾಗಿದ್ದರೆ ನಿಷೇಧಿಸಿದರೆ ಖರ್ಚು ಇಳಿಯುತ್ತದೆಯೇ? ಅಗ್ಗದ ದರ್ಜೆಗಳ ಎಷ್ಟೋ ನಿಯಮ ಪುಸ್ತಕಗಳು ಚಾಲಕನ ಕೈಗೆ ಎಟಕುವ ಶಾಕ್ ತಿರುಪನ್ನು ಬಾರದೆನ್ನುತ್ತವೆ. ಕೆಲವು ಜಾರುವ ರೆಕ್ಕೆಯನ್ನೂ ಬಾರದೆನ್ನುತ್ತವೆ. ಅಲ್ಲೊಂದು ವಿಚಿತ್ರ ನಡೆಯುತ್ತದೆ. ಒಂದು ತಿರುಪು ಇಲ್ಲದ ಮೇಲೆ ಹದಕ್ಕೊಂದರಂತೆ ಶಾಕ್‌ಗಳು ಬೇಕಾಗುತ್ತವೆ: ಹಸಿಗೊಂದು ಜೊತೆ, ಅರೆ ಒಣಗಿದ್ದಕ್ಕೊಂದು, ಗಾರೆಯಂಥದಕ್ಕೆ ಮತ್ತೊಂದು. ಹಣವಿದ್ದವನ ಲಾರಿಯಲ್ಲಿ ಅವು ಸಾಲಾಗಿ ನೇತಾಡುತ್ತವೆ, ಇಲ್ಲದವನು ಇದ್ದ ನಾಲ್ಕರಲ್ಲೇ ಊಹೆ ಮಾಡುತ್ತಾನೆ. ಒಂದು ಲೆಕ್ಕದಲ್ಲಿ ಬಡವನಿಗೆ ತಿರುಪೇ ಅಗ್ಗ. ಈ ವಾದವನ್ನು ಮೊದಲು ಕೇಳಿದಾಗ ಇದು ಶಾಕ್ ಮಾರುವವರ ಮಾತೆಂದುಕೊಂಡಿದ್ದೆ; ಈಗ ಅದರಲ್ಲಿ ಅರ್ಧ ನಿಜ ಕಾಣುತ್ತದೆ. ಇನ್ನರ್ಧ ಸುಳ್ಳು, ಏಕೆಂದರೆ ತಿರುಪು ಬಂದಲ್ಲಿ ಲಾರಿಯ ಸಾಲು ಖಾಲಿಯಾಗುವುದಿಲ್ಲ. ಅದೂ ಇರುತ್ತದೆ, ಇದೂ ಇರುತ್ತದೆ.

ಹಾಗಾಗಿ ನಿಯಮ ಬರೆಯುವವರಲ್ಲಿ ಕೆಲವರು ಉಪಕರಣಗಳ ಪಟ್ಟಿ ಬಿಟ್ಟು ಬುಡಕ್ಕೇ ಕೈ ಹಾಕಿದ್ದಾರೆ. ವರ್ಜೀನಿಯಾದಲ್ಲಿ ಹುಟ್ಟಿದ 'ರೇಸ್‌ಸೇವರ್' ಪದ್ಧತಿಯಲ್ಲಿ ಎಂಜಿನ್ 305 ಘನ ಅಂಗುಲದ್ದು, ಅದರ ಸಿಲಿಂಡರ್ ಹೆಡ್ ಎಲ್ಲರಿಗೂ ಒಂದೇ ಬಗೆಯದು. ಶಕ್ತಿ ಇಳಿದರೆ ಟೈರಿನ ಮೇಲಿನ ಒತ್ತಡ ಇಳಿಯುತ್ತದೆ, ದುಬಾರಿ ಶಾಕ್‌ನಿಂದ ಸಿಗುವ ಲಾಭವೂ ಇಳಿಯುತ್ತದೆ.

ಇಷ್ಟೆಲ್ಲ ವಾದದಲ್ಲಿ ಹೆಸರೇ ಬಾರದವನೊಬ್ಬ ಇದ್ದಾನೆ, ನೀರಿನ ಟ್ಯಾಂಕರ್ ಓಡಿಸುವವನು. ಅವನು ಮಧ್ಯಾಹ್ನ ಒಂದೆರಡು ಸುತ್ತು ಹೆಚ್ಚು ನೀರು ಬಿಟ್ಟು, ಪಂದ್ಯಗಳ ನಡುವೆ ಮೇಲ್ಮಣ್ಣನ್ನು ಕೆದಕಿ ಮತ್ತೆ ತಟ್ಟಿಸಿದರೆ ಹಾದಿ ಕೊನೆಯವರೆಗೂ ಹಿಡಿತ ಉಳಿಸಿಕೊಳ್ಳುತ್ತದೆ, ತಿರುಪಿನ ಕೆಲಸ ಅರ್ಧ ಮುಗಿದಂತೆ. ಗಾಳಿ ಬೀಸಿತೋ, ಬಿಸಿಲು ಏರಿತೋ, ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೂರು ಗಂಟೆಯ ಹೊತ್ತಿಗೆ ಅವನು ಟ್ಯಾಂಕರ್ ನಿಲ್ಲಿಸಿ ಮೂರನೆಯ ತಿರುವಿನಲ್ಲಿ ಕೆಳಗಿಳಿಯುತ್ತಾನೆ. ಬೂಟಿನ ಹಿಮ್ಮಡಿಯಿಂದ ನೆಲವನ್ನೊಮ್ಮೆ ಒತ್ತಿ ನೋಡುತ್ತಾನೆ, ಮತ್ತೆ ಹತ್ತಿ ಇನ್ನೊಂದು ಸುತ್ತು ಹೊರಡುತ್ತಾನೆ.