ಚೀನದ ಅನಿಲಗುಂಡಿಯೂ ನಮ್ಮ ಗೋಬರ್ ಗ್ಯಾಸೂ

ಪಟ್ಟಣವಾಸಿಗಳಾದ ನಮಗೆ ಒಲೆಯ ಉರಿ ಎಂಬುದು ಈಗ ತಿರುಪನ್ನು ತಿರುಗಿಸುವಷ್ಟರ ಮಾತಾಗಿದೆ. ಸಿಲಿಂಡರು ಬರುವುದು ಎರಡು ದಿನ ತಡವಾದಾಗ ಮಾತ್ರ ಉರಿಯ ಬೆಲೆ ನಮ್ಮ ನೆನಪಿಗೆ ಬರುತ್ತದೆ. ಆದರೆ ನಿಮ್ಮ ಅಜ್ಜಿಯ ಕಾಲದ ಅಡಿಗೆಮನೆಯನ್ನು ಒಮ್ಮೆ ಜ್ಞಾಪಿಸಿಕೊಳ್ಳಿ. ಹಸಿ ಸೌದೆ, ಬೆರಣಿಯ ರಾಶಿ, ಊದುಕೊಳವೆ, ಗೋಡೆಗೆ ಹಿಡಿದ ಮಸಿ, ಕಣ್ಣಿಗೆ ಹೊಗೆ. ಹಳ್ಳಿಯ ಸಂಸಾರಕ್ಕೆ ಇದರ ಜೊತೆಗೆ ಇನ್ನೊಂದು ಇಕ್ಕಟ್ಟು. ಸಗಣಿಯನ್ನು ತಟ್ಟಿ ಸುಟ್ಟರೆ ಹೊಲಕ್ಕೆ ಗೊಬ್ಬರವಿಲ್ಲ; ಹೊಲಕ್ಕೆ ಹಾಕಿದರೆ ಒಲೆಗೆ ಉರುವಲಿಲ್ಲ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೊಂದನ್ನು ನಾವು ಒಂದು ಕಡೆಯಿಂದಲೂ ನಮ್ಮ ನೆರೆಯವರಾದ ಚೀನೀಯರು ಇನ್ನೊಂದು ಕಡೆಯಿಂದಲೂ ಹುಡುಕುತ್ತ ಬಂದೆವು. ಅವರಿಂದ ನಾವು ಕಲಿತದ್ದೆಷ್ಟು, ಇನ್ನೂ ಕಲಿಯಬೇಕಾದದ್ದೆಷ್ಟು ಎಂಬ ಕಥೆ ಕೇಳತಕ್ಕದ್ದಾಗಿದೆ.

ಮೊದಲು ವಿಷಯದ ಮೂಲವನ್ನು ನೋಡೋಣ. ಸಗಣಿ, ಎಲೆ, ಹುಲ್ಲು ಮೊದಲಾದವು ಗಾಳಿಯ ಸಂಪರ್ಕವಿಲ್ಲದ ಜಾಗದಲ್ಲಿ ಕೊಳೆತಾಗ, ಕಣ್ಣಿಗೆ ಕಾಣದ ಜೀವಾಣುಗಳು ಅವುಗಳಿಂದ ಉರಿಯಬಲ್ಲ ಅನಿಲವೊಂದನ್ನು ಹೊರಡಿಸುತ್ತವೆ. ಕೆಸರು ತುಂಬಿದ ಕೆರೆಯ ತಳವನ್ನು ಕೋಲಿನಿಂದ ಕೆದಕಿದರೆ ಗುಳ್ಳೆಗಳೇಳುವುದನ್ನು ನೀವು ನೋಡಿರಬಹುದು, ಅದೇ ಇದು. ಚೀನೀಯರು ಇದನ್ನು ಇಂದಿಗೂ ಜೌಗು ಅನಿಲವೆಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಸುಮಾರು ೨೫ ಕಿಲೋಗ್ರಾಂ ಹಸಿ ಸಗಣಿಯಿಂದ ಒಂದು ಘನ ಮೀಟರಿನಷ್ಟು ಅನಿಲ ದೊರೆಯುತ್ತದೆ. ಅನಿಲ ಹೋದ ಮೇಲೆ ಉಳಿಯುವ ಬಗ್ಗಡದಲ್ಲಿ ಗೊಬ್ಬರದ ಸಾರ ಹಾಗೆಯೇ ಇರುತ್ತದೆ. ಎಂದರೆ ಒಲೆಗೂ ಆಯಿತು, ಹೊಲಕ್ಕೂ ಆಯಿತು.

ಈ ವಿದ್ಯೆ ನಮಗೆ ಹೊಸದಾಗಿರಲಿಲ್ಲ. ೧೮೯೭ರಲ್ಲಿಯೇ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದಿಂದ ಅನಿಲ ತೆಗೆದು ಬಳಸಿದ್ದರು. ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ೧೯೩೦ರ ದಶಕದ ಕೊನೆಯಲ್ಲಿ ಸಗಣಿಯ ಮೇಲೆ ಪ್ರಯೋಗ ನಡೆಸಿದರು. ೧೯೫೧ರಲ್ಲಿ ಜಶಭಾಯಿ ಪಟೇಲರು 'ಗ್ರಾಮಲಕ್ಷ್ಮಿ' ಎಂಬ ಸುಂದರವಾದ ಹೆಸರಿನ ಸ್ಥಾವರವನ್ನು ರೂಪಿಸಿದರು. ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೧೯೬೦ರ ದಶಕದ ಆದಿಯಿಂದ ಇದನ್ನೇ ದೇಶದಲ್ಲಿ ಹರಡಿತು. ನೆಲದಲ್ಲಿ ಒಂದು ಬಾವಿ, ಬಾವಿಯಲ್ಲಿ ಸಗಣಿನೀರು, ಅದರ ಮೇಲೆ ಮಗುಚಿ ಹಾಕಿದ ಕಬ್ಬಿಣದ ದೊಡ್ಡ ಪೀಪಾಯಿ. ಅನಿಲ ತುಂಬಿದಂತೆ ಪೀಪಾಯಿ ಮೇಲೇಳುವುದು, ಉರಿಸಿದಂತೆ ಇಳಿಯುವುದು. ಅಂಗಳದಲ್ಲಿ ನಿಂತರೆ ಇಂದು ಎಷ್ಟು ಅನಿಲ ಇದೆಯೆಂದು ಮಕ್ಕಳೂ ಹೇಳಬಹುದಾಗಿತ್ತು. ಆದರೆ ಖರ್ಚಿನ ದೊಡ್ಡ ಪಾಲನ್ನು ಆ ಕಬ್ಬಿಣವೇ ನುಂಗುತ್ತಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿತ್ತು. ವರ್ಷ ವರ್ಷವೂ ಬಣ್ಣ ಬಳಿಯಬೇಕಾಗಿತ್ತು. ಹೀಗಾಗಿ 'ಗ್ರಾಮಲಕ್ಷ್ಮಿ' ಬಹುಮಟ್ಟಿಗೆ ಹಣವುಳ್ಳ ರೈತರ ಮನೆಗೇ ಒಲಿದಳು.

ಇತ್ತ ಚೀನದಲ್ಲೇನಾಗಿತ್ತು? ಅಲ್ಲಿ ೧೯೨೦ರ ದಶಕದಲ್ಲಿ ಲುವೊ ಗುವೊರುಯಿ ಎಂಬಾತ ದಕ್ಷಿಣ ಕರಾವಳಿಯ ಷಾಂಟೌ ಪಟ್ಟಣದಲ್ಲಿ ಅನಿಲದ ತೊಟ್ಟಿಯನ್ನು ಕಟ್ಟಿ, ಅದರಿಂದ ದೀಪ ಉರಿಸುವ ವ್ಯಾಪಾರವನ್ನೇ ಆರಂಭಿಸಿದನು. ಆತನ ತೊಟ್ಟಿಗೆ ಕಬ್ಬಿಣದ ಮುಚ್ಚಳವಿರಲಿಲ್ಲವೆಂಬುದು ಗಮನಿಸಬೇಕಾದ ಮಾತು. ಯುದ್ಧ, ಅಂತರ್ಯುದ್ಧಗಳ ಗದ್ದಲದಲ್ಲಿ ಆ ಉದ್ಯಮ ಮರೆಯಾಯಿತು. ೧೯೫೮ರಲ್ಲಿ ಮಾವೋ ವುಹಾನ್ ನಗರದ ಪ್ರದರ್ಶನವೊಂದರಲ್ಲಿ ಅನಿಲಗುಂಡಿಯನ್ನು ಕಂಡು ಮೆಚ್ಚಿದ್ದೇ ತಡ, ನಾಡೆಲ್ಲ ಗುಂಡಿ ತೋಡುವ ಅವಸರ ಹುಟ್ಟಿತು. ಅವಸರದಲ್ಲಿ ತೋಡಿದ ಗುಂಡಿಗಳು ಅವಸರದಲ್ಲಿಯೇ ಕೆಟ್ಟವು. ಇದು ಅವರ ಮೊದಲನೆಯ ಪಾಠ. ಆದರೆ ಪಾಠ ಆಗ ತಲೆಗೆ ಹತ್ತಲಿಲ್ಲ.

೧೯೭೦ರ ದಶಕದಲ್ಲಿ ಸಿಚುವಾನ್ ಪ್ರಾಂತದ ಹಳ್ಳಿಗರು ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಸಿಚುವಾನ್ ಜನಭರಿತವಾದ ನಾಡು. ಸೌದೆಗೆ ಕಾಡು ಉಳಿದಿರಲಿಲ್ಲ. ಬತ್ತದ ಹುಲ್ಲನ್ನೇ ಒಲೆಗೆ ಇಡುತ್ತಿದ್ದರು. ಆದರೆ ಪ್ರತಿ ಮನೆಯಲ್ಲೂ ಒಂದೆರಡು ಹಂದಿಗಳಿದ್ದವು, ಮತ್ತು ಮಲವನ್ನು ಗೊಬ್ಬರವಾಗಿ ಬಳಸುವ ಶತಮಾನಗಳ ರೂಢಿಯಿತ್ತು. ಅವರು ಹಂದಿಯ ಕೊಟ್ಟಿಗೆ, ಶೌಚದ ಮನೆ, ಅನಿಲದ ಗುಂಡಿ ಈ ಮೂರನ್ನೂ ಒಂದಕ್ಕೊಂದು ಅಂಟಿಸಿ ಕಟ್ಟಿದರು. ಆರರಿಂದ ಹತ್ತು ಘನ ಮೀಟರಿನ ಆ ಗುಂಡಿಗೆ ಹುಲ್ಲು ಕಸವೂ ಸೇರುತ್ತಿತ್ತು. ವರ್ಷಕ್ಕೆ ಒಂದೆರಡು ಸಲ, ಹೊಲಕ್ಕೆ ಗೊಬ್ಬರ ಬೇಕಾದ ಕಾಲಕ್ಕೆ, ಅದನ್ನು ಖಾಲಿಮಾಡುತ್ತಿದ್ದರು. ಮಲದಲ್ಲಿರುವ ಹುಳುಗಳ ಮೊಟ್ಟೆಗಳು ಗುಂಡಿಯ ತಳದಲ್ಲಿ ತಂಗಿ ಬಹುಮಟ್ಟಿಗೆ ಸಾಯುತ್ತಿದ್ದುದರಿಂದ ಕೊಕ್ಕೆಹುಳು ಮೊದಲಾದ ರೋಗಗಳ ಹಾವಳಿ ತಗ್ಗಲು ನೆರವಾಯಿತು. ಹೀಗೆ ಅಡಿಗೆ, ಬೇಸಾಯ, ಆರೋಗ್ಯ ಮೂರೂ ಒಂದೇ ಗುಂಡಿಯ ಸುತ್ತ ಸೇರಿದವು.

ಗುಂಡಿಯ ರಚನೆಯಲ್ಲಿಯೇ ಅವರ ಜಾಣತನವಿತ್ತು. ಕಬ್ಬಿಣದ ಪೀಪಾಯಿಯ ಬದಲು ಕಲ್ಲು, ಸುಣ್ಣ, ಇಟ್ಟಿಗೆ, ಸಿಮೆಂಟಿನ ಗುಮ್ಮಟ, ಅದೂ ನೆಲದೊಳಗೆ. ಅನಿಲ ಹುಟ್ಟಿ ಗುಮ್ಮಟದಡಿ ಒತ್ತಿದಂತೆ ಬಗ್ಗಡವು ಪಕ್ಕದ ತೊಟ್ಟಿಗೆ ಏರುತ್ತದೆ. ಒಲೆ ಹಚ್ಚಿ ಅನಿಲ ಕಳೆದಂತೆ ಬಗ್ಗಡ ಮತ್ತೆ ಒಳಗಿಳಿಯುತ್ತದೆ. ಅನಿಲವನ್ನು ಒಲೆಗೆ ನೂಕಲು ಬೇರೆ ಯಂತ್ರವಿಲ್ಲ, ಸವೆಯುವ ಭಾಗವಿಲ್ಲ, ತುಕ್ಕಿಲ್ಲ. ಊರಿನ ಗಾರೆಯವನು ಊರಿನ ಸಾಮಾನಿನಿಂದಲೇ ಕಟ್ಟಬಹುದು. ದಶಕ ಮುಗಿಯುವ ವೇಳೆಗೆ ಚೀನದಲ್ಲಿ ಇಂಥ ಗುಂಡಿಗಳ ಸಂಖ್ಯೆ ಎಪ್ಪತ್ತು ಲಕ್ಷವನ್ನು ದಾಟಿತ್ತು. ಅವುಗಳಲ್ಲಿ ಬಹುಪಾಲು ಸಿಚುವಾನ್ ಒಂದರಲ್ಲೇ ಇದ್ದವು.

ಈ ಸುದ್ದಿ ನಮಗೆ ಮುಟ್ಟಿದ ಕಾಲವನ್ನು ನೆನೆಯಿರಿ. ೧೯೬೨ರ ಯುದ್ಧದ ಕಹಿ ಇನ್ನೂ ಆರಿರಲಿಲ್ಲ. ಎರಡು ದೇಶಗಳ ರಾಯಭಾರಿಗಳು ಮರಳಿ ನೇಮಕವಾದದ್ದು ೧೯೭೬ರಲ್ಲಿ. ಆದರೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಧ್ಯಯನ ತಂಡಗಳು ಚೀನದ ಹಳ್ಳಿಗಳನ್ನು ಕಂಡು ಬಂದು ಬರೆದವು. ಸಿಚುವಾನಿನ ಗಾರೆಯವರಿಗಾಗಿ ಬರೆದ ಕೈಪಿಡಿ ೧೯೭೯ರಲ್ಲಿ ಇಂಗ್ಲಿಷಿಗೆ ಬಂದಿತು. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಅಜೀತಮಲ್ ಎಂಬಲ್ಲಿ ಗೋಬರ್ ಗ್ಯಾಸ್ ಸಂಶೋಧನ ಕೇಂದ್ರವೊಂದಿತ್ತು. ಅಲ್ಲಿಯವರು ಚೀನದ ಗುಮ್ಮಟವನ್ನು ಆಧಾರವಾಗಿಟ್ಟುಕೊಂಡು ೧೯೭೮ರಲ್ಲಿ 'ಜನತಾ' ಎಂಬ ಮಾದರಿಯನ್ನು ರೂಪಿಸಿದರು. ಇದು ಬರಿಯ ನಕಲಾಗಿರಲಿಲ್ಲ. ನಮ್ಮ ರೈತನಿಗೆ ದೊರೆಯುವುದು ದನದ ಸಗಣಿ. ಅದನ್ನು ಅವನು ದಿನದಿನವೂ ನೀರಿನಲ್ಲಿ ಕದಡಿ ಹಾಕುತ್ತಾನೆ. ಆದುದರಿಂದ ಆರು ತಿಂಗಳಿಗೊಮ್ಮೆ ತುಂಬಿ ತೆಗೆಯುವ ಚೀನೀ ಗುಂಡಿಯನ್ನು ದಿನವೂ ಉಣಿಸುವ ಗುಂಡಿಯಾಗಿ ಮಾರ್ಪಡಿಸಿದರು. ಕಬ್ಬಿಣ ಹೋಯಿತು, ಖರ್ಚು ಇಳಿಯಿತು. ೧೯೮೪ರಲ್ಲಿ ದೆಹಲಿಯ ಆಫ್‌ಪ್ರೊ ಸಂಸ್ಥೆ ಇದನ್ನು ಇನ್ನಷ್ಟು ತಿದ್ದಿ, ಗೋಳದ ಎರಡು ತುಣುಕುಗಳನ್ನು ಜೋಡಿಸಿದಂತಿರುವ 'ದೀನಬಂಧು' ಮಾದರಿಯನ್ನು ಕೊಟ್ಟಿತು. ಇಟ್ಟಿಗೆ ಇನ್ನೂ ಕಡಿಮೆ, ಬೆಲೆ ಇನ್ನೂ ಕಡಿಮೆ. ಇಂದು ನಮ್ಮ ಹಳ್ಳಿಗಳಲ್ಲಿ ನೀವು ಕಾಣುವ ಗೋಬರ್ ಗ್ಯಾಸ್ ಗುಂಡಿ ಹೆಚ್ಚಾಗಿ ಈ ದೀನಬಂಧುವೇ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನಾವು ಗುಮ್ಮಟವನ್ನು ಕಲಿಯುತ್ತಿದ್ದ ಹೊತ್ತಿಗೇ ಚೀನದಲ್ಲಿ ಬೇರೊಂದು ಲೆಕ್ಕ ಹೊರಬೀಳುತ್ತಿತ್ತು. ಎಪ್ಪತ್ತು ಲಕ್ಷ ಗುಂಡಿಗಳಲ್ಲಿ ಸುಮಾರು ಅರ್ಧದಷ್ಟು ಕೆಲವೇ ವರ್ಷಗಳಲ್ಲಿ ನಿಷ್ಪ್ರಯೋಜಕವಾಗಿದ್ದವು. ಕಾರಣ ಸರಳ. ಗುಮ್ಮಟದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅನಿಲ ನಿಲ್ಲದು. ಮೇಲಿನವರು ಸಂಖ್ಯೆ ಕೇಳಿದರು, ಕೆಳಗಿನವರು ಸಂಖ್ಯೆ ಒಪ್ಪಿಸಿದರು. ಒಳಗಿನ ಗಿಲಾವನ್ನು ತಾಳ್ಮೆಯಿಂದ ಪದರ ಪದರವಾಗಿ ಬಳಿಯಲು ಯಾರಿಗೂ ಪುರಸೊತ್ತಿರಲಿಲ್ಲ. ಗುಂಡಿ ಕೆಟ್ಟ ಮೇಲೆ ಯಾರನ್ನು ಕರೆಯಬೇಕೆಂಬುದೂ ಮನೆಯವರಿಗೆ ತಿಳಿದಿರಲಿಲ್ಲ.

ಚೀನೀಯರನ್ನು ಇಲ್ಲಿ ಮೆಚ್ಚಬೇಕು. ಅವರು ವೇಗವನ್ನು ತಗ್ಗಿಸಿದರು. ಚೆಂಗ್ಡು ನಗರದಲ್ಲಿ ಸಂಶೋಧನ ಸಂಸ್ಥೆಯನ್ನೂ, ಏಷ್ಯದ ಇತರ ದೇಶದವರಿಗೂ ತರಬೇತು ಕೊಡುವ ಕೇಂದ್ರವನ್ನೂ ಸ್ಥಾಪಿಸಿದರು. ೧೯೮೪ರಲ್ಲಿ, ನಮ್ಮ ದೀನಬಂಧು ಹುಟ್ಟಿದ ವರ್ಷವೇ, ಗುಂಡಿಯ ನಕ್ಷೆ ಹೇಗಿರಬೇಕು, ಕಟ್ಟುವ ಕ್ರಮವೇನು, ಕಟ್ಟಿದ ಮೇಲೆ ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ರಾಷ್ಟ್ರೀಯ ಮಾನಕಗಳನ್ನು ಗೊತ್ತುಪಡಿಸಿದರು. ನೀರು ತುಂಬಿಸಿ, ಒತ್ತಡ ಕೊಟ್ಟು, ಸೋರುವುದಿಲ್ಲವೆಂದು ಕಂಡ ಮೇಲೆಯೇ ಗುಂಡಿಯನ್ನು ಒಪ್ಪಿಕೊಳ್ಳಬೇಕು. ಇದು ಎರಡನೆಯ ಪಾಠ. ಗುಮ್ಮಟದ ಪಾಠಕ್ಕಿಂತ ಇದು ಹೆಚ್ಚು ಬೆಲೆಯುಳ್ಳದ್ದು. ಆದರೆ ನಕ್ಷೆಯಂತೆ ಕಣ್ಣಿಗೆ ಕಾಣುವಂಥದಲ್ಲವಾದ್ದರಿಂದ ಗಡಿ ದಾಟಲು ಹೆಚ್ಚು ಕಾಲ ಹಿಡಿಯುವಂಥದು.

ನಮ್ಮ ರಾಷ್ಟ್ರೀಯ ಯೋಜನೆ ೧೯೮೧–೮೨ರಲ್ಲಿ ಆರಂಭವಾಯಿತು. ನಾವೂ ವರ್ಷಕ್ಕೆ ಇಷ್ಟು ಎಂದು ಗುರಿ ಕಟ್ಟಿದೆವು, ಸಹಾಯಧನ ಕೊಟ್ಟೆವು. ಕಟ್ಟಿದ ಒಟ್ಟು ಸಂಖ್ಯೆ ಸುಮಾರು ಐವತ್ತು ಲಕ್ಷಕ್ಕೆ ಬಂದಿದೆ. ಅವುಗಳಲ್ಲಿ ಉರಿಯುತ್ತಿರುವುವು ಎಷ್ಟು ಎಂಬ ಪ್ರಶ್ನೆಗೆ ಊರೂರಿಗೆ ಬೇರೆ ಬೇರೆ ಉತ್ತರ. ಸಂತೋಷದ ಉತ್ತರವೊಂದು ನಮ್ಮ ಉತ್ತರ ಕನ್ನಡದ ಸಿರ್ಸಿಯಿಂದ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ೨೦೦೧ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಲ್ಲಿ ಅವರು ಪರೀಕ್ಷಿಸಿದ ಗುಂಡಿಗಳೆಲ್ಲವೂ ಸರಿಯಾಗಿ ನಡೆಯುತ್ತಿದ್ದವು. ಅಡಕೆ ತೋಟದ ಆ ಸೀಮೆಯಲ್ಲಿ ಕೊಟ್ಟಿಗೆ ತುಂಬ ದನಗಳಿದ್ದವು, ತೋಟಕ್ಕೆ ಬಗ್ಗಡ ಬೇಕಾಗಿತ್ತು. ಅಷ್ಟೇ ಮುಖ್ಯವಾಗಿ, ಕಟ್ಟಿಕೊಟ್ಟವನು ಅದೇ ಸೀಮೆಯವನು; ಕೆಲಸಕ್ಕೆ ಹೊಣೆ ಹೊತ್ತು, ಕೆಟ್ಟರೆ ಬಂದು ಸರಿಪಡಿಸುವವನು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಅನುಭವವೂ ಇಷ್ಟೇ ಬೋಧಪ್ರದ. ಅದೇ ಸಂಸ್ಥೆಯ ಎ. ಕೆ. ಎನ್. ರೆಡ್ಡಿಯವರೂ ಸಂಗಡಿಗರೂ ಅಲ್ಲಿ ಊರಿಗೆಲ್ಲ ಸೇರಿದ ಒಂದು ಅನಿಲ ಸ್ಥಾವರವನ್ನು ಕಟ್ಟಿದರು. ಊರಿನ ಸಗಣಿಯಿಂದ ಎಲ್ಲ ಒಲೆಗಳಿಗೂ ಸಾಕಾಗುವಷ್ಟು ಅನಿಲ ಬರುವಂತಿರಲಿಲ್ಲ. ಆಗ ಅವರು ಊರಿನವರೊಡನೆ ಕುಳಿತು ಮತ್ತೆ ಲೆಕ್ಕ ಹಾಕಿದರು. ೧೯೮೭ರಿಂದ ಆ ಅನಿಲವನ್ನು ಒಂದು ಸಣ್ಣ ಎಂಜಿನ್ನಿಗೆ ಕೊಟ್ಟು ಮನೆಗಳಿಗೆ ವಿದ್ಯುದ್ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಸಿಚುವಾನಿನವರು ಹಂದಿಯನ್ನು ಲೆಕ್ಕಹಾಕಿದಂತೆ ಪುರದವರು ತಮ್ಮ ದನಗಳನ್ನು ಲೆಕ್ಕಹಾಕಿದರು. ನೆರೆಯವರಿಂದ ಕಲಿಯುವುದೆಂದರೆ ಇದೇ ಅಲ್ಲವೆ?

ಚೀನದ ಕಥೆಗೆ ಇನ್ನೊಂದು ಅಧ್ಯಾಯವಿದೆ. ೨೦೦೩ರಿಂದ ಅಲ್ಲಿಯ ಸರ್ಕಾರ ಧಾರಾಳವಾಗಿ ಸಹಾಯಧನ ಕೊಟ್ಟಿತು. ೨೦೧೫ರ ವೇಳೆಗೆ ಮನೆಗುಂಡಿಗಳು ನಾಲ್ಕು ಕೋಟಿಯನ್ನು ಮೀರಿದವು. ಈ ಸಲ ಗುಮ್ಮಟ ಸೋರಲಿಲ್ಲ, ಹಳ್ಳಿಯೇ ಸೋರಿತು. ಯುವಕರು ನಗರಗಳ ಕಾರ್ಖಾನೆಗೆ ಹೋದರು. ಹಿತ್ತಲಿನ ಹಂದಿ ದೊಡ್ಡ ಸಾಕಣೆಯ ಕೇಂದ್ರಗಳಿಗೆ ಹೋಯಿತು. ಸಿಲಿಂಡರೂ ವಿದ್ಯುತ್ತಿನ ಒಲೆಯೂ ಬಂದವು. ಉಳಿದ ವೃದ್ಧರಿಗೆ ಗುಂಡಿಯಿಂದ ಬಗ್ಗಡ ಹೊರುವ ಶಕ್ತಿಯಿರಲಿಲ್ಲ. ಲಕ್ಷಾಂತರ ಗುಂಡಿಗಳು ಬರಿದಾದವು. ಆ ಮೇಲೆ ಸರ್ಕಾರದ ನೆರವು ಮನೆಗುಂಡಿಯನ್ನು ಬಿಟ್ಟು, ಸಾಕಣೆಯ ಕೇಂದ್ರಗಳ ಬಳಿ ಕಟ್ಟುವ ದೊಡ್ಡ ಸ್ಥಾವರಗಳ ಕಡೆಗೆ ಹೊರಳಿತು.

ನಮ್ಮ ದೇಶವೂ ಈಗ ಅದೇ ತಿರುವಿನಲ್ಲಿದೆ. ೨೦೧೬ರಿಂದ ಉಜ್ವಲಾ ಯೋಜನೆಯಿಂದ ಸಿಲಿಂಡರು ಹಳ್ಳಿಯ ಮನೆಗೂ ಬಂದಿತು. ೨೦೧೮ರಲ್ಲಿ ಸಗಣಿ, ಹುಲ್ಲು, ಊರಿನ ಹಸಿ ಕಸಗಳಿಂದ ಅನಿಲ ತೆಗೆದು, ಶುದ್ಧಮಾಡಿ, ಒತ್ತಿ ತುಂಬಿ ವಾಹನಗಳಿಗೆ ಮಾರುವ ದೊಡ್ಡ ಸ್ಥಾವರಗಳ ಯೋಜನೆ ಆರಂಭವಾಯಿತು. ಇದು ಪಟ್ಟಣಿಗರಾದ ನಿಮಗೂ ಸಂಬಂಧಿಸಿದ ವಿಷಯ. ನಿಮ್ಮ ಮನೆಯ ತರಕಾರಿ ಸಿಪ್ಪೆಯೇ ಅದಕ್ಕೆ ಆಹಾರವಾಗಬಹುದು. ಅಂಥ ಸ್ಥಾವರವೊಂದು ನಿಮ್ಮ ಊರಿನ ಹತ್ತಿರ ಬಂದರೆ, ಅದು ಎಷ್ಟು ದೊಡ್ಡದು, ಎಷ್ಟು ಕೋಟಿಯದು ಎಂದು ಕೇಳುವವರು ಬೇಕಾದಷ್ಟು ಮಂದಿ ಇರುತ್ತಾರೆ. ನೀವು ಬೇರೆ ಮೂರು ಪ್ರಶ್ನೆಗಳನ್ನು ಕೇಳಿ. ಅದಕ್ಕೆ ದಿನವೂ ಬೇಕಾದ ಆಹಾರ ಎಲ್ಲಿಂದ ಬರುತ್ತದೆ? ಉಳಿದ ಬಗ್ಗಡವನ್ನು ಒಯ್ಯುವ ರೈತ ಯಾರು? ಐದು ವರ್ಷದ ಮೇಲೆ ಅದು ಕೆಟ್ಟರೆ ಬಂದು ನೋಡುವವನು ಯಾರು? ಸಿಚುವಾನಿನ ಬಡ ರೈತರು ತಮ್ಮ ಬೆವರಿನಿಂದಲೂ ನಷ್ಟದಿಂದಲೂ ಗಳಿಸಿಕೊಟ್ಟ ಪ್ರಶ್ನೆಗಳಿವು. ನಾವು ಅವನ್ನು ಪುಕ್ಕಟೆಯಾಗಿ ಪಡೆದಿದ್ದೇವೆ, ಬಳಸಿಕೊಳ್ಳುವುದಷ್ಟೇ ಉಳಿದಿದೆ.